ಪುಟ ಎಪ್ಪತ್ತೊಂದು

ಅಚ್ಚಾದದ್ದು ಮುನ್ನೂರು. ಮಂಚದ ಕೆಳಗೆ ಇನ್ನೂ ಇನ್ನೂರ ಐವತ್ತು.
ಮೂವತ್ತೊಂದು ವರ್ಷ ಕಿಸುಮು ಅಂಚೆ ಕಚೇರಿಯಲ್ಲಿ
ಊರವರ ಕಾಗದವನ್ನೆಲ್ಲ ಅವರವರ ಗೂಡಿಗೆ ಹಾಕಿದವನು,
ನನ್ನ ಕಾಗದಕ್ಕೊಂದು ಗೂಡು ಹುಡುಕುತ್ತ
ಈಗ ಬೆಳಿಗ್ಗೆ ಏಳಕ್ಕೇ ಹೊರಡುತ್ತೇನೆ.

ಕೊಂಡೆಲೆಯ ಕ್ಷೌರದಂಗಡಿಯಲ್ಲಿ ಎರಡು, ಕನ್ನಡಿಯ ಪಕ್ಕ.
ಔಷಧದಂಗಡಿಯಲ್ಲಿ ಒಂದು, ಕೆಮ್ಮಿನ ಸಿರಪ್ಪಿಗೆ ಒರಗಿ.
ಚೀಲದಲ್ಲಿ ಒಂದು, ಯಾರಿಗೆ ಗೊತ್ತು ಎಂದು.
ಮಟಾಟು ಕಂಡಕ್ಟರ್ ತಿರುವಿ ನೋಡಿ ಕೇಳಿದ,
"ಹೊಡೆದಾಟ ಇದೆಯಾ ಇದರಲ್ಲಿ?"
ಒಂದಿದೆ, ಅಂದೆ. ಸಣ್ಣದು.
"ಸಣ್ಣದು ನನ್ನ ಗಾಡೀಲೇ ದಿನಾ ಆಗುತ್ತೆ."
ಪುಸ್ತಕವನ್ನೂ ಚಿಲ್ಲರೆಯನ್ನೂ ಒಟ್ಟಿಗೇ ಕೈಗಿಟ್ಟ.

ಫೋನಿಗೆ ಮುಖ ಕೊಡಲು ಕಲಿಸಿದವನು ತಂಗಿಯ ಮಗ ಒಗುಟು.
"ಬೆಳಕಿನ ಕಡೆ ತಿರುಗಿ, ಮಾಮ.
ನಗಬೇಡಿ, ಹಲ್ಲುನೋವಿನ ಹಾಗೆ ಕಾಣುತ್ತೆ."
ನೇರಪ್ರಸಾರ. ಮೂವರು ನೋಡುತ್ತಿದ್ದಾರೆ ಎಂದಿತು ಪರದೆ.
ಒಬ್ಬಳು ಅಪೊಂಡಿ, ಪಕ್ಕದ ಕೋಣೆಯಲ್ಲಿ,
ನನ್ನ ದುಡ್ಡಿನ ಡೇಟಾ ಸುಡುತ್ತ.
ಒಬ್ಬ ಒಗುಟು.
ಮೂರನೆಯವರು ಯಾರೋ;
ಬ್ಯಾಟರಿ ಸಾಯುವ ತನಕ ಅವರೊಬ್ಬರಿಗೇ ಓದಿದೆ.

ಶನಿವಾರ ಡುಂಗಾ ದಂಡೆಯಲ್ಲಿ
ಮೀನು ಒಣಗಿಸುವ ಹೆಂಗಸರ ಚೀಟಿ ಸಂಘ.
"ಕೊಳ್ಳಲು ಕಾಸಿಲ್ಲ, ಕೇಳಲು ಕಿವಿ ಇದೆ" ಅಂದಳು ಮಾಮಾ ಅದೊಂಗೊ.
ಬಲೆಯ ಮೇಲೆ ಬೆರಳುದ್ದದ ಬೆಳ್ಳಿ, ಒಮೆನಾ,
ಅದರಲ್ಲಿ ಕೈಯಾಡಿಸುತ್ತಲೇ ಕೇಳಿದರು.
ನನ್ನ ನಾಯಕನ ತಾಯಿ ಸತ್ತಳು. ಒಬ್ಬರೂ ಅಳಲಿಲ್ಲ.
ಪುಟ ಎಪ್ಪತ್ತೊಂದು:
ಹುಣ್ಣಿಮೆಯ ಬೆಳದಿಂಗಳಲ್ಲಿ ಅವನು ದೋಣಿ ತುಂಬ ಒಮೆನಾ ಹಿಡಿದು...

ಕೈಗಳು ನಿಂತವು.
ಮೊದಲು ಒಬ್ಬಳು ನಕ್ಕಳು. ಆಮೇಲೆ ಹದಿನೇಳೂ ಜನ.
"ಅಯ್ಯಾ ಅಂಚೆಯವನೇ, ಹುಣ್ಣಿಮೇಲಿ ಯಾರಿಗಪ್ಪಾ ಸಿಗುತ್ತೆ ಒಮೆನಾ?
ಕತ್ತಲು ಬೇಕು, ಕಣ್ಣಿಗೆ ಕೈ ಕಾಣದಂಥ ಕತ್ತಲು.
ಆಗ ದೀಪ ತೇಲಿಬಿಟ್ಟರೆ
ಅದನ್ನೇ ಚಂದ್ರ ಅಂದುಕೊಂಡು ಬರುತ್ತೆ, ಪಾಪ.
ನಿಜವಾದ ಚಂದ್ರ ಬಂದ ರಾತ್ರಿ ಗಂಡಸರು ಮನೇಲಿರ್ತಾರೆ.
ಇಲ್ಲದಿದ್ರೆ ಈ ಮಕ್ಕಳೆಲ್ಲ ಎಲ್ಲಿಂದ ಬಂದವು?"

ಸರೋವರದ ದಡದಲ್ಲೇ ಅರವತ್ತೆರಡು ವರ್ಷ.
ನೋಡಿದ್ದು ಅಂಚೆಚೀಟಿಯ ಮೇಲಿನ ಮೀನು.

ಮಂಚದ ಕೆಳಗಿನದನ್ನೆಲ್ಲ ಎಳೆದೆ.
ಕ್ಷೌರದಂಗಡಿಯಿಂದ ಕೂದಲ ಸಮೇತ ಎರಡು ವಾಪಸು ಬಂದವು.
ನೀಲಿ ಪೆನ್ನಿನಲ್ಲಿ, ಒಂದೊಂದಾಗಿ,
ಹುಣ್ಣಿಮೆ ಹೊಡೆದು ಹಾಕಿ, ಪಕ್ಕದಲ್ಲಿ ಅಮಾವಾಸ್ಯೆ.
ಒಗುಟು ನನ್ನ ಮುಖ ಬಿಟ್ಟು ಕೈಯನ್ನಷ್ಟೇ ತೋರಿಸಿದ.
ಇನ್ನೂರ ಐವತ್ತನಾಲ್ಕು ಸಲ ಚಂದ್ರನನ್ನು ಆರಿಸುವುದನ್ನು
ನೋಡಲು ನಲವತ್ತು ಜನ ಕೂತಿದ್ದರಂತೆ.
ಪುಸ್ತಕ ಯಾರೂ ಕೇಳಲಿಲ್ಲ.
ಪೆನ್ನು ಯಾವ ಕಂಪನಿಯದು ಎಂದು ಒಬ್ಬರು ಕೇಳಿದರು.

ಉಳಿದದ್ದು ಮಾರಿಹೋದ ನಲವತ್ತಾರು.
ಎಂ-ಪೆಸಾ ಸಂದೇಶಗಳಲ್ಲಿ ಕೊಂಡವರ ನಂಬರುಗಳಿದ್ದವು.
ಬೊಂಡೊದ ಮೇಷ್ಟ್ರು ಗಾಬರಿಯಾದರು:
"ನಾನಿನ್ನೂ ಒಂಬತ್ತನೇ ಪುಟ, ಮುಂದಿನದು ಹೇಳಬೇಡಿ!"
ಸಾಲ ಕೇಳುತ್ತೇನೆಂದುಕೊಂಡು ಇಬ್ಬರು ಫೋನಿಟ್ಟರು.
ಸಿಯಾಯಾದ ನರ್ಸ್ ಅಜುವಾಂಗ್ ಸ್ವಲ್ಪ ಹೊತ್ತು ಸುಮ್ಮನಿದ್ದು,
"ರಾತ್ರಿ ಪಾಳಿಯಲ್ಲಿ ಆ ಪುಟ ಎರಡು ಸಲ ಓದಿದೆ.
ಚಂದ್ರ ಇರಲಿ ಬಿಡಿ.
ಬೇಕಾದರೆ ಮೀನು ತೆಗೆಯಿರಿ" ಅಂದಳು.

ನಲವತ್ತೈದು ಕರೆ ಮುಗಿಯಿತು.
ನಗದು ಕೊಟ್ಟವನು ಒಬ್ಬನೇ, ಬೈಕ್ ಸವಾರ,
ಹೆಲ್ಮೆಟ್ ತೆಗೆಯದೆ ನೋಟು ಚಾಚಿ
ಪುಸ್ತಕವನ್ನು ಜಾಕೆಟ್ಟಿನೊಳಗೆ ತುರುಕಿಕೊಂಡು ಹೋದ.
ಹೆಸರಿಲ್ಲ, ನಂಬರಿಲ್ಲ.

ಅವನ ಮನೆಯಲ್ಲಿ ಈಗಲೂ ಹುಣ್ಣಿಮೆ.
ದೋಣಿ ತುಂಬಿದೆ.