ಒಂದು ಉದ್ದ, ಎರಡು ಗಿಡ್ಡ

ಬೆಟಗೇರಿ. ರಾತ್ರಿ ಹತ್ತೂವರಿ.
ನಾಗೂಸಾ ಖಟವಟೆಯವರ ಫೋಟೋ ಸ್ಟುಡಿಯೋದ ಶಟರ್ ಅರ್ಧ ಇಳಿದಿತ್ತು,
ಬಗ್ಗಿ ಒಳಗ ಹೋದೆ.
ಕಂಪ್ಯೂಟರಿನ ಪಕ್ಕಡಿ ಬಿಚ್ಚಿ ಗ್ವಾಡಿಗೆ ಆನಿಸಿದ್ದರು.
ಒಳಗ ಹೊಸಾ ಗ್ರಾಫಿಕ್ಸ್ ಕಾರ್ಡು,
ಮಧ್ಯಾಹ್ನದ ಬಸ್ಸಿನ್ಯಾಗ ಹುಬ್ಬಳ್ಳಿಯಿಂದ
ತೊಡಿಮ್ಯಾಲ ಕೂಸಿನಂಗ ಕುಂಡ್ರಿಸಿಕೊಂಡು ತಂದದ್ದು.

"ಫ್ಯಾನ್ ತಿರಗತೈತಿ, ದೀಪ ಹತ್ತತೈತಿ,
ಪರದೆ ಮಾತ್ರ ಕರ್ರಗ, ಶಮಶಾದ್‌ಬಾಯಾರ.
ನಾಳೆ ಹನ್ನೊಂದಕ್ಕ ಹೊಂಬಳದವರು ಬರ್ತಾರ.
ಮದುವಿ ವೀಡಿಯೋ ಕೊಡಲಿಲ್ಲಂದ್ರ
ಎರಡೂ ಕಡೆ ಬೀಗರು ಕೂಡಿ ನನ್ನ ಮೆರವಣಿಗಿ ತಗೀತಾರ."

ಗುಂಡಿ ಒತ್ತಿದೆ.
ಒಂದು ಉದ್ದ. ಎರಡು ಗಿಡ್ಡ.
ಕೂಗಿ ಸುಮ್ಮನಾತು.

ಗುರು, ಲಘು, ಲಘು:
ಒಂಬತ್ತನೇತ್ತಾದಾಗ ಬೆರಳು ಮಡಚಿ ಕಲತ ಭಗಣ.
ಪರೀಕ್ಷಾದಾಗ ಅದು ಬರಲಿಲ್ಲ,
ಮೂವತ್ತು ವರ್ಷ ತಡಾ ಮಾಡಿ ಇಲ್ಲಿ ಬಂತು.
ಅರ್ಥ ಇಷ್ಟ: ಬಾಯಿ ಐತಿ, ಕಣ್ಣಿಲ್ಲ.
ಕಾರ್ಡು ಎಲ್ಲೈತಿ, ಕಾಣವಲ್ದು.

ಎಲ್ಲಾರಿಗೂ ನಾ ಕೇಳೂದು ಒಂದ ಮಾತು:
ಕಡೀಕ ಏನ ಮುಟ್ಟಿದ್ರಿ?
ಎಲ್ಲಾರೂ ಹೇಳೂದೂ ಒಂದ:
ಏನೂ ಮುಟ್ಟಿಲ್ರಿ.

ಕಾರ್ಡಿಗೆ ಕೈ ಹಾಕಬೇಕು, ನಾಗೂಸಾ ಅಡ್ಡ ಬಂದರು.
"ಅದನ್ನ ಬಿಡ್ರಿ, ಹದಿನೆಂಟು ಸಾವಿರದ್ದು,
ನಾನ ಗಟ್ಟಿ ಕುಂಡ್ರಿಸೇನಿ."
ಬಿಟ್ಟೆ. ಪರದೆಯ ವೈರು ನೋಡಿದೆ.
ಹಳೇ ತೂತಿನ್ಯಾಗ ಇತ್ತು,
ಬಿಟ್ಟ ಮನಿಯ ವಿಳಾಸಕ್ಕ ಕಾಗದ ಹಾಕಿದಂಗ.
ಕಿತ್ತು ಕಾರ್ಡಿಗೆ ಚುಚ್ಚಿದೆ.
ಒಂದು ಉದ್ದ, ಎರಡು ಗಿಡ್ಡ.
ಪವರ್ ಸಪ್ಲೈ ಐನೂರು ವ್ಯಾಟಿಂದು, ಸಾಕು.
ಆರು ಪಿನ್ನಿನ ವೈರು ಕಾರ್ಡಿನ ಬೆನ್ನು ಕಚ್ಚಿ ಹಿಡಿದಿತ್ತು, ಸರಿ.
ರ‍್ಯಾಮ್ ತಗದು ಅದರ ಬಂಗಾರದ ಹಲ್ಲು
ಮಗಳ ಕಂಪಾಸಿನ ರಬ್ಬರಿಲೆ ತಿಕ್ಕಿದೆ.
ರೊಕ್ಕದ ಬಿಲ್ಲೆಯಂಥ ಬ್ಯಾಟರಿ ಕಿತ್ತು
ನೂರು ಎಣಿಸಿದೆ, ಎಲ್ಲಾ ಮರೀಲಿ ಅಂತ.
ತಾರೀಖು ಮರೀತು.
ಅಳೂದು ಮರೀಲಿಲ್ಲ.

ಅಂಬೂಬಾಯಿ ಚಾ ತಂದರು, ಕಪ್ಪು ಬಸಿ ಎರಡೂ ತುಂಬಿ.
"ಪೂಜಾನೂ ಮಾಡಿ ಕುಂಡ್ರಿಸೀವಿ, ಹಿಂಗ್ಯಾಕ?"
ನಾಗೂಸಾ ಹೆಂಡತಿಯ ಮಾರಿ ನೋಡಿದರು.
"ಏನ ಪೂಜಾರಿ?"
"ಅರಿಷಿಣ, ಕುಂಕುಮ, ಊದಿನಕಡ್ಡಿ. ಮ್ಯಾಲ
ನಾಕ ಅಕ್ಕಿಕಾಳು."

ಈಗ ಯಾರೂ ಅಡ್ಡ ಬರಲಿಲ್ಲ.
ಸ್ಕ್ರೂ ಬಿಚ್ಚಿ, ಕೊಂಡಿ ಒತ್ತಿ, ಕಾರ್ಡು ಎತ್ತಿದೆ.
ಮೊಬೈಲಿನ ಬೆಳಕು ಬಿಟ್ಟೆ.
ಉದ್ದನೆ ಸಂದಿ, ಎರಡೂ ದಂಡಿಗೆ ತಂತಿಯ ಹಲ್ಲು,
ನಡುವ ಆರಾಮ ಮಲಗಿತ್ತು
ಒಂದ ಒಂದು ಹಳದಿ ಕಾಳು.

ತಲಿಬಟ್ಟಿಯ ಟಾಚಣಿ ತಗದು
ಹಲ್ಲಿಗೆ ಸಿಕ್ಕ ಅಡಿಕಿಚೂರು ತಗದಂಗ
ಮೆಲ್ಲಕ ಎಬ್ಬಿಸಿ ಬಸಿಯೊಳಗ ಇಟ್ಟೆ.
ಚೆಲ್ಲಾಕ ನನಗೂ ಮನಸ್ಸಾಗಲಿಲ್ಲ.
ಕಾರ್ಡು ತಿರಗಿ ಒತ್ತಿದೆ. ಟಕ್.
"ಈ ಸಪ್ಪಳ ಮಧ್ಯಾಹ್ನ ಆಗಿತ್ತೇನ್ರಿ?"
"ಗಂಟಿ ಬಾರಿಸಾಕ್ಹತ್ತಿದ್ದೆ," ಅಂದರು ನಾಗೂಸಾ. "ಕೇಳಿಲ್ಲ."

ಗುಂಡಿ.
ಒಂದು ಗಿಡ್ಡ. ಅಷ್ಟ.
ಪರದೆ ಬೆಳಗಾತು, ತಾರೀಖು ಕೇಳಿತು, ಹೇಳಿದೆ.
ಅರ್ಧಕ್ಕ ಬಿಟ್ಟ ಮದುವಿ ತಾನ ತೆರಕೊಂತು:
ಬಾಸಿಂಗದ ಕೆಳಗ ಕಣ್ಣು ಮುಚ್ಚಿದ ಹೊಂಬಳದ ಹುಡುಗಿ,
ಬಾಜೂಕ ಬಾಯಿ ತೆರೆದ ಹುಡುಗ,
ಎತ್ತಿದ ನೂರು ಕೈ,
ಇಬ್ಬರ ತಲಿಮ್ಯಾಲ ಗಾಳಿಯೊಳಗ ನಿಂತ ಅಕ್ಕಿಕಾಳು,
ಒಂದೂ ಇನ್ನೂ ಕೆಳಗ ಬಿದ್ದಿರಲಿಲ್ಲ.

ನಾವು ಮೂವರೂ ಚಾ ಮರತು ನಿಂತಿವಿ.

ಹೆಲ್ತ್ ಕ್ಯಾಂಪ್ ದಾಟೂಮುಂದ ಗಾಳಿಗೆ ತಲಿಬಟ್ಟಿ ಜಾರಿತು.
ಕೈ ಹಚ್ಚಿ ನೋಡಿದೆ, ಟಾಚಣಿ ಇಲ್ಲ.
ಕಬ್ಬಿಣದ್ದು. ಕಾರ್ಡು ಬಿಚ್ಚಿದಾಗ ಕೈಯಾಗ ಇತ್ತು.
ಕಡೀಕ ಏನ ಮುಟ್ಟಿದಿ, ಶಮಶಾದ್?
ನಡಬೀದಿಯೊಳಗ ನಿಂತು ಫೋನ್ ಹಚ್ಚಿದೆ.

ಅಂಬೂಬಾಯಿ ಎತ್ತಿದರು. ಹಿಂದ ಮದುವಿಯ ವಾಲಗ.
"ಬಸಿಯೊಳಗ ಐತಿ ತಗೋರಿ," ಅಂದರು,
"ಕಾಳಿನ ಬಾಜೂಕ."