ದಾರವಿಲ್ಲದ ಸೂಜಿ

ಮೂವತ್ತು ವರ್ಷ ಬಲೆ ಹೊಲಿದವನು ನಾನು.
ದಾರವಿಲ್ಲದ ಸೂಜಿಯಲ್ಲಿ ಏನು ಹೊಲಿಯುತ್ತೀರಿ
ಎಂದು ಕೇಳಿಯೇಬಿಟ್ಟೆ.
ಕೋಡಿಬಾಗದಲ್ಲಿ ಸೋಡಾ ಅಂಗಡಿಯ ಮೇಲಿನ ಒಂದೇ ಕೋಣೆ.
ಗೋಡೆಯಲ್ಲಿ ಚೀನಾದವರು ಬರೆದ ನಾಯಿಯ ಪಟ,
ಮೈತುಂಬ ಚುಕ್ಕಿ, ಚುಕ್ಕಿಯಿಂದ ಚುಕ್ಕಿಗೆ ಗೆರೆ.
ಯಾರೋ ಅದರ ಮೇಲೆ ರಂಗೋಲಿಗೆ ಕೂತಿದ್ದಾರೆ,
ಮುಗಿಯುವವರೆಗೂ ಎದ್ದು ಹೋಗದೆ ನಿಂತಿದೆ ಪಾಪ.

ಡಾಕ್ಟರ್ ಉಜ್ವಲಾ ರೇವಣಕರ ನಗಲಿಲ್ಲ.
"ಹೊಲಿಯುವುದಿಲ್ಲ, ಕರೆಯುತ್ತೇನೆ" ಅಂದರು.
"ಓಗೊಟ್ಟರೆ ನೋಡೋಣ."

ತಾರ್ಲಿ ಎಂದು ಇದರ ಹೆಸರು.
ಮರಿಯಾಗಿ ಸಿಕ್ಕಿದ್ದು ತಾರ್ಲಿಯ ಖಾಲಿ ಬುಟ್ಟಿಯಲ್ಲಿ,
ಎಷ್ಟು ತೊಳೆದರೂ ಹೆಸರು ಹೋಗಲಿಲ್ಲ.
ಮೇ ಮೂವತ್ತೊಂದು, ನಾಳೆಯಿಂದ ಬೋಟು ಬಂದ್,
ಬೈತಖೋಲದ ದಕ್ಕೆಯಲ್ಲಿ ಐಸಿನ ದಿಮ್ಮಿ ಜಾರಿ
ಇದರ ಬೆನ್ನ ಮೇಲೆ ಬಿತ್ತು.
ಮುಂದಿನರ್ಧ ನಾಯಿ. ಹಿಂದಿನರ್ಧ ಒದ್ದೆ ಗೋಣಿ.
ಪಾಂಡು ತಾಂಡೇಲ ಹೇಳಿದ, ಕೆಟ್ಟವನಲ್ಲ ಅವನು,
"ಒಂದು ಸೂಜಿಯಲ್ಲಿ ಮುಗಿಸಿಬಿಡು ಮಾರಾಯ."
ಒಂದಕ್ಕೆ ಹೆದರಿ
ನಾನು ಹನ್ನೊಂದರ ಕಡೆಗೆ ಬಂದೆ.

ಸೊಂಟದ ಗುಳಿಯ ಚೀನೀ ಹೆಸರು ಬೈಹುಯಿ,
ಅಂದರೆ ನೂರು ಬಂದು ಕೂಡುವ ಜಾಗವಂತೆ.
ಸೇತುವೆಯ ಮೇಲೆ ನಿಂತು ಕಾಳಿಯನ್ನು ನೋಡಿದ್ದೇನೆ,
ಸಿಹಿ ಎಲ್ಲಿ ಮುಗಿಯಿತು ಉಪ್ಪು ಎಲ್ಲಿ ಹಿಡಿಯಿತು
ಬೆರಳಿಟ್ಟು ತೋರಿಸುವವನು ಹುಟ್ಟಿಲ್ಲ.
ಇವರು ಇಟ್ಟರು. ಸೂಜಿ ನಿಂತಿತು.
ಮೊಣಕಾಲ ಕೆಳಗಿನದಕ್ಕೆ ಮೂರು ಹರದಾರಿ ಎಂದು ಹೆಸರು.
ದಣಿದವನು ಅಲ್ಲಿ ಒತ್ತಿಕೊಂಡರೆ
ಇನ್ನೂ ಮೂರು ಹರದಾರಿ ನಡೆದಾನು.
ತಾರ್ಲಿಗೆ ಅಷ್ಟೆಲ್ಲ ಯಾಕೆ,
ದಕ್ಕೆಯ ಈ ಕಂಬದಿಂದ ಆ ಕಂಬ,
ಅಲ್ಲೊಂದು ಕಾಲೆತ್ತಿ ವಾಪಸ್ ಬಂದರೆ ಸಾಕು.

ಆಮೇಲೆ ಒಂದು ಕಡ್ಡಿ ಹೊತ್ತಿಸಿ ಶಾಖ ಕೊಟ್ಟರು.
ದೂರ ದೇಶದ ಔಷಧ ಎಂದು ನಾನು ಹಿಂದೆ ಸರಿದೆ.
ಜೊತೆಗೆ ಬಂದ ಹೆಂಡತಿ ಮೂಗೆತ್ತಿ,
"ಅಯ್ಯ, ಮಾಚಿಪತ್ರೆ! ಚೌತಿಗೆ ಗಣಪತಿಗೆ ಏರಿಸುವುದಲ್ಲವೆ?"
ಹೌದು ಅಂದರು ಡಾಕ್ಟರು, ಅದೇ ಜಾತಿ.
ಅಲ್ಲಿಂದ ಆಕೆಗೆ ಪೂರ್ತಿ ನಂಬಿಕೆ.
ನನಗಿಲ್ಲ.

ಇಪ್ಪತ್ತು ನಿಮಿಷ ಯಾರೂ ಮಾತಾಡಬಾರದು.
ಹೊರಗೆ ಜೂನಿನ ಕಡಲು ತನ್ನ ಪಾಡಿಗೆ ಗುದ್ದುತ್ತದೆ.
ಉಸಿರಿಗೊಮ್ಮೆ ಅಲುಗುವ ಹನ್ನೊಂದು ಸೂಜಿ,
ಲಂಗರು ಹಾಕಿದ ಬೋಟುಗಳ ಕೋಲಿನ ಹಾಗೆ,
ಎಲ್ಲೂ ಹೋಗುವುದಿಲ್ಲ, ಸುಮ್ಮನೂ ಇರುವುದಿಲ್ಲ.

ಆರನೆಯ ಸಲವೂ ಏನೂ ಇಲ್ಲ.
ಇದು ನಿಜವೇನ್ರೀ ಎಂದೆ.
ಎಣಿಸುತ್ತ ಸೂಜಿ ಕೀಳುತ್ತಿದ್ದವರು, ಏಳು, ಎಂಟು,
"ಕೆಲವಕ್ಕೆ ಆಗುತ್ತದೆ.
ಸೂಜಿಯಿಂದಲೋ ತಾನಾಗಿಯೋ
ಎರಡು ತಾರ್ಲಿ ಇದ್ದಿದ್ದರೆ ಹೇಳಬಹುದಿತ್ತು. ಒಂಬತ್ತು."
ಇರುವುದು ಒಂದೇ. ಏನು ಮಾಡುವುದು.
ಇನ್ನೂರು ರೂಪಾಯಿ, ಇಲ್ಲದ ದಿನ ಒಣ ಸಿಗಡಿ.
ಮನೆಯಲ್ಲಿ ಬಲೆ ಹರವಿ ಕೂತರೆ
ಮುಂಗಾಲಲ್ಲಿ ತೆವಳಿ ಬಂದು ಅದರ ಮೇಲೆಯೇ ಮಲಗುತ್ತದೆ.
ಅದು ಮಲಗಿದಷ್ಟು ಜಾಗ ಬಿಟ್ಟು
ಸುತ್ತಲಿನ ತೂತು ಮುಚ್ಚುತ್ತೇನೆ.

ಒಂಬತ್ತನೆಯ ಸಲ, ಹಿಂಗಾಲ ಬೆರಳ ಸಂದಿಗೆ
ಸೂಜಿ ತಾಗಿದ್ದೇ ತಡ ಕುಂಯ್ ಎಂದು ತಿರುಗಿ
ಡಾಕ್ಟರ ತೋಳಿಗೆ ಬಾಯಿ ಹಾಕಿತು.
ತೋಳು ಹರಿಯಿತು. ಅವರು ಕುಣಿದೇಬಿಟ್ಟರು!
ಕಿಟಕಿ ತೆರೆದು ಸೋಡಾದವನಿಗೆ ಕೂಗಿ ಹೇಳಿದರು,
ಕಣ್ಣು ಒರೆಸಿಕೊಂಡರು, ಆಮೇಲೆ ನೆನಪಾಗಿ ಡೆಟಾಲ್ ಹಚ್ಚಿದರು.
ಒಂದು ಜೀವಕ್ಕೆ ನೋವಾಯಿತೆಂದು
ಹೀಗೆ ಹಿಗ್ಗಿದವರನ್ನು ನಾನು ಕಂಡದ್ದಿಲ್ಲ.

ದಕ್ಕೆಯಲ್ಲಿ ಪಾಂಡು ಕೇಳುತ್ತಾನೆ,
ಏನಂತೆ, ನಡೆಯುತ್ತದೆಯಾ?
ಇಲ್ಲ, ಅನ್ನುತ್ತೇನೆ. ಆದರೆ ಈಗ ನೋಯುತ್ತದೆ.
ಅವನು ಚ್ಚು ಚ್ಚು ಎಂದು ತಲೆಯಲ್ಲಾಡಿಸಿ
ನನ್ನ ಹೆಗಲ ಮೇಲೆ ಕೈಯಿಡುತ್ತಾನೆ.
ತಿದ್ದಲು ಹೋಗುವುದಿಲ್ಲ.
ಬಗಲಲ್ಲಿ ತಾರ್ಲಿ ಭಾರ,
ಮೊನ್ನೆಗಿಂತ ಒಂದಿಷ್ಟು ಹೆಚ್ಚೇ.