ಸ್ವಲ್ಪ ಸರೀರಿ

ಲಕ್ಷ್ಮೇಶ್ವರ ಬಿಟ್ಟಾಗ ರಾತ್ರಿ ಎರಡು ಗಂಟೆ.
ಒಂದು ಕ್ರೂಸರು, ಹದಿಮೂರು ಜನ,
ನಲವತ್ತು ಖಡಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ.
ಅರಬೈಲು ಘಟ್ಟದಲ್ಲಿ ಮೂವರಿಗೆ ವಾಂತಿ.
ಗೌರಕ್ಕ ಚಿಗವ್ವ ಮಾತ್ರ
ಹರಕೆ ಹೊತ್ತವಳಂತೆ ನಿನ್ನೆಯಿಂದ ಚಹಾ ಮುಟ್ಟಿಲ್ಲ.
ಕುಡಿದರೆ ದಾರಿಯಲ್ಲಿ ಎಲ್ಲಿ ಇಳಿಯುವುದು
ಎಂಬ ಚಿಂತೆ ಅವಳಿಗೆ.

ಗೋಕರ್ಣ ಇನ್ನೂ ಮೂರು ಕಿಲೋಮೀಟರು
ಇರುವಾಗಲೇ ರಸ್ತೆ ನಿಂತುಬಿಟ್ಟಿತು.
ಮುಂದೆ ಪುಣೆಯ ಬಸ್ಸು, ಹಿಂದೆ ಬೆಳಗಾವಿಯ ಯಾವುದೋ ಶಾಲೆ,
ಪಕ್ಕದ ಕೊಯ್ದ ಗದ್ದೆಯಲ್ಲಿ ಒಂದು ಕೊಕ್ಕರೆ
ಒಂಟಿಕಾಲಲ್ಲಿ, ಟಿಕೆಟಿಲ್ಲದೆ, ಆರಾಮಾಗಿ.
ಕೊನೆಗೆ ಬಂದೆವು. ಮೊದಲು ಕಂಡದ್ದು ಕಡಲಲ್ಲ,
ಗಾಡಿಗೆ ನೂರು ರೂಪಾಯಿ ಎಂಬ ಹಳದಿ ಚೀಟಿ.

ಇಲ್ಲಿ ನಿಂತರೆ ಓಂ ಕಾಣುತ್ತದೆ ಎಂದು ಯಾರೋ ಹೇಳಿದ್ದರು.
ನಿಂತೆ.
ಕಂಡದ್ದು ನೀಲಿ ಟೋಪಿ,
ಹೆಗಲ ಮೇಲೆ ಕೂತು ಕುರ್‌ಕುರೆ ತಿನ್ನುವ ಮಗು,
ಸೆಲ್ಫಿ ಕೋಲು ಏಳು.
‘ಸ್ವಲ್ಪ ಸರೀರಿ’ ಎಂದೆ. ಸರಿದರು.
ಅವರ ಹಿಂದಿದ್ದವರು ಕಂಡರು.
‘ಥೋಡಾ ಸೈಡ್’ ಎಂದು ನನ್ನ ಬೆನ್ನಿಗೆ ಯಾರೋ ಎಂದರು. ಸರಿದೆ.
‘ಕಾಣಸ್ತೇನು?’ ಮೆಟ್ಟಿಲ ಬುಡದಿಂದ ಚಿಗವ್ವ.
‘ಕಾಣಸ್ತು’ ಎಂದೆ,
ಅಷ್ಟು ದೂರದಿಂದ ಬಂದು ಇನ್ನೇನು ಹೇಳಲಿ.

ಆಮೇಲೆ ಹತ್ತು ರೂಪಾಯಿಯ ಶೌಚಾಲಯ.
ಇಪ್ಪತ್ತೆರಡು ಹೆಂಗಸರ ಹಿಂದೆ ಅರ್ಧ ತಾಸು.
ಸಾಲಿನಲ್ಲೇ ಒಬ್ಬಳ ಸೊಸೆಯ ಕಥೆ ಕೇಳಿದೆ,
ಮುಗಿಯುವ ಹೊತ್ತಿಗೆ ಅವಳ ಸರದಿ ಬಂತು.
ಸೊಸೆ ಮರಳಿ ಬಂದಳೋ ಇಲ್ಲವೋ ಇಂದಿಗೂ ಗೊತ್ತಿಲ್ಲ.

ಚಿಗವ್ವ ನೀರಿಗಿಳಿದದ್ದು ಆಗ.
ಸೀರೆ ಮೊಣಕಾಲಿಗೆತ್ತಿ, ಬೊಗಸೆ ತುಂಬಿ,
ಮೂವತ್ತು ವರ್ಷ ಹಾಸ್ಟೆಲಿನ ಹಂಡೆ ಸಾರಿನ ರುಚಿ ನೋಡಿದ ನಾಲಿಗೆ
ಕಡಲಿನ ರುಚಿಯನ್ನೂ ನೋಡಿತು.
‘ಯಾರ್ ಹಾಕ್ಯಾರಿದು ಇಷ್ಟು ಉಪ್ಪು!’
ಬೈದಳು, ನಿಜವಾಗಿಯೇ ಬೈದಳು,
ಮುಂದಿನ ಅಲೆ ಬಂದು ಅವಳನ್ನು ಕೂರಿಸಿಬಿಟ್ಟಿತು.
ಅವಳು ಹಾಗೆ ನಕ್ಕದ್ದು ನಾನು ನೋಡಿರಲಿಲ್ಲ.

ದೋಣಿಯ ಲಂಬೋದರ ತಾಂಡೇಲ
ಕಾಲ ಹೆಬ್ಬೆರಳಿಂದ ಮರಳಲ್ಲಿ ಓಂ ಬರೆದು ತೋರಿಸಿದ,
‘ಹೀಂಗದೆ ಅಂತ್ರು. ನಾನು ಕಂಡಿಲ್ಲ.
ಬಲೆ ಎಲ್ಲಿ ಬಿಡೂದು ಅಂತ ಮಾತ್ರ ಗೊತ್ತದೆ ನಂಗೆ.’
ಇಷ್ಟು ಜನ ಬಂದರೆ ಬೇಜಾರಿಲ್ಲವೇ, ಕೇಳಿದೆ.
‘ನೀವು ಬರ್ಲಿಲ್ಲ ಅಂದ್ರೆ ಮಗಳ ಫೀಸು ತುಂಬೂದು ಹೆಂಗೆ?
ನೀವು ಹೋಗ್ಲಿಲ್ಲ ಅಂದ್ರೆ
ಏಡಿ ಹೊರಗೆ ಬರೂದಿಲ್ಲ ಮಾರಾಯ್ರೇ.’
ಅರ್ಧ ಓಂ ಅಳಿಸಿತ್ತು ಅಷ್ಟರಲ್ಲಿ.

ಐದಕ್ಕೆ ಉಬ್ಬರ ಏರಿತು.
ಮರಾಠಿ, ಹಿಂದಿ, ನಮ್ಮ ಕಡೆಯ ಕನ್ನಡ ಎನ್ನದೆ
ಎಲ್ಲರಿಗೂ ಒಟ್ಟಿಗೆ ಹೇಳಿತು ಕಡಲು: ಸ್ವಲ್ಪ ಸರೀರಿ.
ಎದ್ದೆವು ಸಾವಿರ ಜನ,
ಚಾಪೆ, ರೊಟ್ಟಿ ಗಂಟು, ಎತ್ತಿದ ಕೂಸು,
ಯಾರದೋ ಚಪ್ಪಲಿ ಯಾರೋ ಹಿಡಿದು ಓಡಿದರು.
ಸೂರ್ಯ ಮುಳುಗಿದ, ಚೆನ್ನಾಗಿಯೇ ಮುಳುಗಿದ.
ಪಕ್ಕದವರ ಸ್ಪೀಕರು ಮಾತ್ರ ಬಾಯಿ ಮುಚ್ಚಲಿಲ್ಲ.

ಆ ದಿನದ ನೂರಾ ಎಂಬತ್ತು ಫೋಟೋದಲ್ಲಿ
ದೊಡ್ಡದು ಮಾಡಿಸಿದ್ದು ಒಂದನ್ನೇ.
ಚಿಗವ್ವ ನೀರಲ್ಲಿ ಕೂತು ನಗುತ್ತಿದ್ದಾಳೆ,
ಅವಳ ಹಿಂದೆ, ಕಡಲಿಗೆ ಸರಿಯಾಗಿ ಅಡ್ಡ ನಿಂತು,
ಹಸಿರು ಚೂಡಿಯ ಹೆಂಗಸೊಬ್ಬಳು
ಮಗನ ಮೂಗು ಒರೆಸುತ್ತಿದ್ದಾಳೆ.

ಹಾಸ್ಟೆಲಿನ ಹುಡುಗಿಯರು ಕೇಳುತ್ತಾರೆ: ಇವರ್ಯಾರು?
ಚಿಗವ್ವ ಸೌಟು ಕೆಳಗಿಡದೆ ಹೇಳುತ್ತಾಳೆ:
‘ಅವರೂ ಬಂದಿದ್ರು.’